ರೊಟ್ಟಿ ಬಡಿಯೋರನ್ನ ಕರ್ಕೊಂಡು ಬರ್ರಿ

ಕಂಡಕ್ಟರು ತೀರಿಕೊಂಡ ವಾರದೊಳಗೆ ಹರಪನಹಳ್ಳಿಯ ಬಸ್ ಸ್ಟ್ಯಾಂಡಿನ ಎದುರು ಒಂದು ಫ್ಲೆಕ್ಸ್ ಎದ್ದು ನಿಂತಿತು. 'ಶ್ವಾನಪ್ರೇಮಿಗೆ ಭಾವಪೂರ್ಣ ಶ್ರದ್ಧಾಂಜಲಿ.' ಒಂದು ಬದಿಗೆ ಅವರ ಫೋಟೋ, ಪಕ್ಕದಲ್ಲಿ ಒಂದು ನಾಯಿ. ಉದ್ದ ಕೂದಲಿನ, ಬಂಗಾರದ ಬಣ್ಣದ, ನಾಲಿಗೆ ಚಾಚಿಕೊಂಡ ವಿಲಾಯಿತಿ ನಾಯಿ. ಇಂಟರ್‌ನೆಟ್ಟಿನಿಂದ ಇಳಿಸಿದ್ದು. ಅಂಥ ನಾಯಿಯನ್ನು ಅವರು ಜೀವಮಾನದಲ್ಲಿ ಸಾಕಿದವರಲ್ಲ. ನಮ್ಮ ಬಿಸಿಲಿಗೆ ಅದನ್ನು ತರುವವರನ್ನು ಕಂಡರೆ, "ಕಂಬಳಿ ಹೊಚ್ಚಿ ಒಲಿ ಮುಂದ ಕುಂದ್ರಿಸಿದಂಗ ಆತು" ಎಂದು ಬೈಯುತ್ತಿದ್ದರು. ಫ್ಲೆಕ್ಸಿನ ಕೆಳಗೆ, ಸತ್ತವರ ಫೋಟೋಗಿಂತ ದೊಡ್ಡದಾಗಿ, ಕೈಮುಗಿದು ನಿಂತ ಇನ್ನೊಬ್ಬನ ಫೋಟೋ: ಕೊಟ್ಟೂರಿನ ಒಬ್ಬ ಕಂಟ್ರಾಕ್ಟರ್. ಕಂಡಕ್ಟರ ಕೊನೆಯ ದಿನಗಳನ್ನು ಹಾಳುಮಾಡಿದವನು ಅವನೇ. ಫ್ಲೆಕ್ಸ್ ಹಾಕಿಸಿದವನೂ ಅವನೇ.

ಆ ಫ್ಲೆಕ್ಸ್ ಏಳದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ನೆನಪಿನಿಂದ ಬರೆಯುವುದರಲ್ಲಿ ನನಗೆ ನಂಬಿಕೆಯಿಲ್ಲ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವನು ನಾನು. ಅಲ್ಲಿ ಕಲಿತದ್ದರಲ್ಲಿ ಉಳಿದಿರುವುದು ಒಂದೇ, ಸಾಕ್ಷಿ ಹೇಳುವವನನ್ನು ಮೊದಲು ಅನುಮಾನಿಸಬೇಕು ಎನ್ನುವುದು. ಇಲ್ಲಿ ಸಾಕ್ಷಿ ನಾನೇ. ಇಲ್ಲಿಯ ಕಾಲೇಜಿನಲ್ಲಿ ಪಾಠ ಹೇಳುತ್ತ ಅವರ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದೆ, ಈಗಲೂ ಇದ್ದೇನೆ. ಅವರ ಕೆಲವು ಮಾತುಗಳನ್ನು ಗೋಡೆಯ ಈಚೆಯಿಂದ ಕೇಳಿದೆನೋ, ಊರವರ ಬಾಯಿಂದ ಕೇಳಿದೆನೋ, ಈಗ ಬೇರ್ಪಡಿಸಲಾರೆ. ಅನುಮಾನವಿದ್ದಲ್ಲಿ ಅನುಮಾನ ಎಂದೇ ಹೇಳುತ್ತೇನೆ. ನನ್ನ ಸಿಟ್ಟಿನ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ.

ಅವರು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ನಿವೃತ್ತಿಯ ಮೇಲೂ ಊರಿಗೆ ಕಂಡಕ್ಟರೇ. ಹಿತ್ತಲಿನಲ್ಲಿ ಮುಧೋಳ ತಳಿಯ ನಾಯಿ ಸಾಕುತ್ತಿದ್ದರು. ತೆಳು ಹೊಟ್ಟೆಯ, ಉದ್ದ ಕಾಲಿನ, ಬಿಟ್ಟರೆ ಬಾಣದಂತೆ ಹೋಗುವ ಬೇಟೆನಾಯಿಗಳು. ಒಂದು ಹೆಣ್ಣುನಾಯಿಗೆ ಒಂದು ಸಲ ಮರಿಯಾದರೆ ಮುಂದಿನ ಸಲಕ್ಕೆ ಬಹಳ ಕಾಲ ಬಿಡುತ್ತಿದ್ದರು. ಮರಿ ತಾಯಿಯ ಹಾಲು ಬಿಟ್ಟು, ತಾನೇ ತಟ್ಟೆಗೆ ಬಾಯಿ ಹಾಕಿ, ಸೂಜಿ ಹಾಕಿಸಿಕೊಳ್ಳುವವರೆಗೆ ಯಾರಿಗೂ ಕೊಡುತ್ತಿರಲಿಲ್ಲ. ಆಮೇಲೂ ಸುಲಭಕ್ಕೆ ಕೊಡುತ್ತಿರಲಿಲ್ಲ. ಮರಿ ಕೇಳಲು ಬಂದವರನ್ನು ಅವರು ಕೂರಿಸಿ ಪ್ರಶ್ನಿಸುವುದನ್ನು ಊರು ತಮಾಷೆ ಮಾಡುತ್ತಿತ್ತು. "ಐ.ಎ.ಎಸ್. ಪಾಸ್ ಮಾಡಬಹುದು, ಕಂಡಕ್ಟರ್ ಕಡಿಂದ ನಾಯಿ ಮರಿ ಇಸ್ಕೊಳ್ಳಾಕ ಆಗಲ್ಲ" ಎಂಬುದು ಚಹಾದಂಗಡಿಯ ಮಾತು.

ಬಂದವರು ಬಾಯಿ ತೆರೆದು ಹೇಳುವ ಮೊದಲನೇ ಮಾತಿಗೇ ಅವರಿಗೆ ಸಿಟ್ಟು ಬರುತ್ತಿತ್ತು. ನಮ್ಮ ಕಡೆ ಎಮ್ಮೆ ಕಟ್ಟಿದ್ದೇವೆ, ಎತ್ತು ಕಟ್ಟಿದ್ದೇವೆ ಎನ್ನುವ ಹಾಗೆಯೇ ನಾಯಿಗೂ ಅನ್ನುತ್ತಾರೆ.

"ಒಂದು ನಾಯಿ ಕಟ್ಟಬೇಕಂತ ಮಾಡೀನ್ರಿ."

"ಎಮ್ಮಿ ಕಟ್ಟು. ಹಾಲಾರ ಕೊಡ್ತೈತಿ."

"ಹಂಗಲ್ರಿ, ಮನಿ ಕಾಯಾಕ..."

"ಮನ್ಯಾಗ ಏನೈತಿ ಕಾಯಾಕ?"

ಅರ್ಧ ಜನ ಇಲ್ಲಿಗೇ ಚಪ್ಪಲಿ ಮೆಟ್ಟುತ್ತಿದ್ದರು. ಒಮ್ಮೆ ಹಡಗಲಿಯಿಂದ ಒಬ್ಬ ಯುವಕ ಬೈಕಿನಲ್ಲಿ ಬಂದಿದ್ದ. ಕಪ್ಪು ಕನ್ನಡಕ, ಇಸ್ತ್ರಿ ಮಾಡಿದ ಶರ್ಟು. ಇದು ನನ್ನ ಕಣ್ಣೆದುರು ನಡೆದದ್ದು.

"ಬಿಳೇ ಮರಿ ಐತೇನ್ರಿ? ವಿಡಿಯೋದಾಗ ಬಿಳೇದು ಛಲೋ ಕಾಣ್ತೈತಿ."

"ನಿನ್ನ ಅಂಗೀನೂ ಬಿಳೇದ ಐತಲ್ಲ. ಅದರದ್ದ ವಿಡಿಯೋ ಮಾಡು."

"ರೊಕ್ಕಕ್ಕ ಚಿಂತಿ ಮಾಡಬ್ಯಾಡ್ರಿ, ಹೇಳಿದಷ್ಟು ಕೊಡ್ತೀನಿ."

"ನಾ ರೊಕ್ಕದ ಮಾತು ಎತ್ತಿದೆನೇನು? ದಿನಾ ಮುಂಜಾನಿ ಅದರ ಕೂಡ ಓಡೋರು ಯಾರು ಹೇಳು. ಬೈಕ್ ಓಡಿಸೋದಲ್ಲ, ನೀನ ಓಡಬೇಕು. ಪಕ್ಕದ ಮನಿ ಕೋಳಿ ಹಿಡಿದ್ರ ಬೈಸ್ಕೊಳ್ಳೋರು ಯಾರು ಹೇಳು. ವರ್ಷ ವರ್ಷ ಸೂಜಿ ಹಾಕ್ಸೋರು ಯಾರು? ನೀ ಕೆಲಸಕ್ಕ ಅಂತ ಊರು ಬಿಟ್ರ ಅದು ಯಾರ ಕೂಡ ಇರ್ತೈತಿ? ಹದಿನಾಲ್ಕು ವರ್ಷ ಬದುಕೋ ಪ್ರಾಣಿಪಾ ಅದು. ನಿನ್ನ ಬೈಕು ಅಷ್ಟು ದಿನ ಬಾಳಂಗಿಲ್ಲ."

ಆ ಹುಡುಗ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡ. ಬಹುಶಃ ಅಷ್ಟು ಪ್ರಶ್ನೆಗಳನ್ನು ಅವನ ಮಾವನಾಗುವವನೂ ಕೇಳಿರಲಿಕ್ಕಿಲ್ಲ.

ಇಷ್ಟಾಗಿ ಉತ್ತರ ಕೊಟ್ಟವರಿಗೂ ಕೊನೆಗೊಂದು ಷರತ್ತು ಕಾದಿರುತ್ತಿತ್ತು. "ಮನ್ಯಾಗ ರೊಟ್ಟಿ ಬಡಿಯೋರು ಯಾರು? ಅವ್ರನ್ನ ಕರ್ಕೊಂಡು ಬರ್ರಿ." ನಾಯಿ ಬೇಕು ಎನ್ನುವವರು ಗಂಡಸರು. ಬಂದು ಮೀಸೆ ತಿರುವಿ, ಮರಿಯ ಕಿವಿ ಹಿಡಿದು ನೋಡಿ, ಹೆಸರನ್ನೂ ಇಟ್ಟುಬಿಡುವವರು ಗಂಡಸರು. ಮನೆಗೆ ಹೋದ ಮೇಲೆ ಅದರ ಹೊಟ್ಟೆ, ಹೇಲು, ಉಚ್ಚೆ ಎಲ್ಲ ಬೀಳುವುದು ಒಲೆಯ ಮುಂದೆ ಇರುವವಳ ಮೇಲೆ. ಅವಳನ್ನು ಯಾರೂ ಕೇಳಿರುವುದಿಲ್ಲ. ಅವಳಿಗೆ ಬೇಡವಾದ ನಾಯಿ ಆ ಮನೆಯಲ್ಲಿ ಬದುಕುವುದಿಲ್ಲ ಎಂಬುದು ಕಂಡಕ್ಟರ ಲೆಕ್ಕ.

ತೆಲಿಗಿಯಿಂದ ಒಂದು ಕುಟುಂಬ ಹೀಗೆಯೇ ಅಜ್ಜಿಯನ್ನು ಕರೆದುಕೊಂಡು ಬಂದಿತ್ತು. ಮೊಮ್ಮಕ್ಕಳು ದಾರಿಯುದ್ದಕ್ಕೂ ಪಾಠ ಹೇಳಿಕೊಟ್ಟಿದ್ದರಂತೆ. ಕಂಡಕ್ಟರು ಕೇಳಿದ ಕೂಡಲೇ ಅಜ್ಜಿ ಎಲ್ಲ ಮರೆತು, "ನಂಗ ನಾಯಿ ಬ್ಯಾಡಪ್ಪಾ. ಇವ್ರಿಗೆ ಮಾಡಿ ಹಾಕೋದ ಸಾಕಾಗೈತಿ" ಅಂದಳು.

"ನೀವೊಬ್ರು ಖರೇ ಮಾತಾಡಿದ್ರಿ ನೋಡ್ರಿ" ಎಂದು ಕಂಡಕ್ಟರು ಅವಳಿಗೆ ಕೈಮುಗಿದರು. ಉಳಿದವರ ಕಡೆ ತಿರುಗಿ, "ಮದ್ಲ ಇವರನ್ನ ಸರಿಯಾಗಿ ನೋಡ್ಕೊಳ್ರಿ, ಆಮ್ಯಾಲ ನಾಯಿ" ಅಂದರು. ಅಜ್ಜಿ ಆ ಮಾತನ್ನು ತೆಲಿಗಿಯ ತುಂಬ ಹೇಳಿಕೊಂಡು ತಿರುಗಿದಳಂತೆ.

ಕೊಟ್ಟ ಮೇಲೂ ಅವರು ಬಿಡುತ್ತಿರಲಿಲ್ಲ. ನೌಕರಿಯಲ್ಲಿದ್ದಾಗ ಅವರದೊಂದು ಪದ್ಧತಿಯಿತ್ತು. ಮರಿ ಒಯ್ದವರು ಆಗಾಗ ನಾಯಿಯನ್ನು ತಮ್ಮ ಊರಿನ ಬಸ್ ನಿಲ್ದಾಣಕ್ಕೆ ತಂದು ನಿಲ್ಲಿಸಬೇಕು. ಕಂಡಕ್ಟರು ಬಸ್ಸಿನ ಮೆಟ್ಟಿಲ ಮೇಲೆ ನಿಂತು ಅದನ್ನು ಮೂಗಿನಿಂದ ಬಾಲದವರೆಗೆ ನೋಡುವರು. ಪಕ್ಕೆಲುಬು ಎಷ್ಟು ಕಾಣುತ್ತದೆ, ಕೊರಳಲ್ಲಿ ಸರಪಳಿ ಉಜ್ಜಿದ ಗುರುತು ಇದೆಯೇ, ಒಡೆಯ ಕೈ ಎತ್ತಿದರೆ ಹೆದರುತ್ತದೆಯೇ. ಎಲ್ಲ ಸರಿಯಿದ್ದರೆ ಸೀಟಿ. ಸರಿಯಿಲ್ಲದಿದ್ದರೆ ಬಸ್ಸು ನಿಂತೇ ಇರುತ್ತಿತ್ತು, ಬೈಗುಳ ಮುಗಿಯುವವರೆಗೆ. ಒಮ್ಮೆ ನಾನೇ ಅರಸೀಕೆರೆಯ ಕಡೆ ಹೊರಟ ಅವರ ಬಸ್ಸಿನಲ್ಲಿದ್ದೆ. ಇದಂತೂ ಖಚಿತ, ಏಕೆಂದರೆ ಆ ದಿನ ತಡವಾಗಿ ನನ್ನ ಕೆಲಸ ಕೆಟ್ಟಿತ್ತು. ಮುಂದಿನ ಸೀಟಿನವನು ತಾಳ್ಮೆಗೆಟ್ಟು ಕೂಗಿದ.

"ಏನ್ರೀ ಕಂಡಕ್ಟರ್ರೇ, ನಾಯೀನ ನೋಡ್ಕೋತ ನಿಂತ್ರಲ್ಲ. ನಾವೇನು ಮನುಷ್ಯಾರಲ್ಲೇನು?"

"ನಿಮ್ಮನ್ನ ನೋಡಾಕ ಮನ್ಯಾಗ ನಿಮ್ಮ ಹೆಂಡ್ತಿ ಅದಾಳ. ಇದನ್ನ ನೋಡೋನು ನಾನೊಬ್ಬನ. ಸುಮ್ನ ಕುಂದರ್ರಿ."

ಇಡೀ ಬಸ್ಸು ನಕ್ಕಿತು. ನಾನು ನಗಲಿಲ್ಲ. ಸರ್ಕಾರಿ ಬಸ್ಸನ್ನು ಸ್ವಂತ ಕೆಲಸಕ್ಕೆ ನಿಲ್ಲಿಸುವುದು ತಪ್ಪು ಎಂದು ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಸತ್ತವರೆಂದು ಅವರನ್ನು ದೇವರು ಮಾಡುವ ಕೆಲಸ ಫ್ಲೆಕ್ಸಿನವರದು, ನನ್ನದಲ್ಲ. ಅವರ ಬಾಯಿ ಕೆಟ್ಟದ್ದು. ಎದುರಿನವನ ಮಾತು ಮುಗಿಯುವ ಮೊದಲೇ ತೀರ್ಪು ಕೊಡುತ್ತಿದ್ದರು. ನಾನು ಒಂದು ಮರಿ ಕೇಳಿದಾಗ ನನಗೂ ಇಲ್ಲ ಅಂದರು.

"ಬಾಡಿಗಿ ಮನಿಯೋರಿಗೆ ನಾ ಕೊಡಂಗಿಲ್ಲ, ಮೇಷ್ಟ್ರ."

"ಸ್ವಂತ ಮನೆ ಇಲ್ಲದವರಿಗೆ ನಾಯಿ ಸಾಕುವ ಯೋಗ್ಯತೆ ಇಲ್ಲವೇನ್ರಿ? ಇದು ಅನ್ಯಾಯ" ಎಂದೆ.

"ಅನ್ಯಾಯನ. ಮನಿ ಮಾಲಕ ನಾಯಿ ಬಿಡು ಇಲ್ಲಾ ಮನಿ ಬಿಡು ಅಂದ್ರ ನೀವ್ ಯಾವ್ದು ಬಿಡ್ತೀರಿ?"

"ಮನೆ ಬಿಡ್ತೀನಿ."

"ಎಲ್ರೂ ಹಂಗ ಅಂತಾರ" ಎಂದು ಒಳಗೆ ಎದ್ದು ಹೋದರು. ನಾವು ಒಂದು ತಿಂಗಳು ಮಾತು ಬಿಟ್ಟಿದ್ದೆವು. ನನ್ನ ವಿಷಯದಲ್ಲಿ ಅವರ ತೀರ್ಪು ತಪ್ಪು ಎಂದೇ ಇವತ್ತಿಗೂ ನನ್ನ ವಾದ.

ಅವರ ಒಂದು ಮಾತನ್ನು ಊರಲ್ಲಿ ಎಲ್ಲರೂ ಹೇಳುತ್ತಾರೆ. "ಸಾಕೋದು ಅಂದ್ರ ಏನು? ಸಾಕು ಅನ್ನದಂಗ ಇರೋದು." ಇದನ್ನು ಅವರ ಬಾಯಿಂದಲೇ ಕೇಳಿದ ಹಾಗೆ ನನಗೂ ನೆನಪು. ಆದರೆ ಇಷ್ಟು ಚೆಂದಾಗಿ ಕೂಡುವ ಮಾತನ್ನು ಕಂಡರೆ ನನಗೆ ಅನುಮಾನ. ಅವರು ಅರ್ಧ ಹೇಳಿ, ಉಳಿದರ್ಧವನ್ನು ನಾವೇ ಜೋಡಿಸಿಕೊಂಡಿರಬಹುದು.

ಈಗ ಕೊಟ್ಟೂರಿನ ಕಂಟ್ರಾಕ್ಟರನ ವಿಷಯ. ಅವನು ಮೊದಲು ಜೀಪಿನಲ್ಲಿ, ಜೊತೆಗೆ ಜನ ಕಟ್ಟಿಕೊಂಡು ಬಂದ. ಕಂಡಕ್ಟರು ಮಾಮೂಲಿನಂತೆ ರೊಟ್ಟಿಯ ಮಾತೆತ್ತಿ ಕಳಿಸಿದರು. ಕೆಲವು ದಿನದ ಮೇಲೆ ಅವನ ಹೆಂಡತಿ ಒಬ್ಬಳೇ ಬಸ್ಸು ಹಿಡಿದು ಬಂದಳು. ಕಡಿಮೆ ಮಾತಿನ ಹೆಂಗಸು. ಕುಳಿತವಳೇ, "ಈ ಮರಿಗಳ ತಾಯಿನ್ನ ತೋರಿಸ್ತೀರೇನ್ರಿ?" ಎಂದು ಕೇಳಿದಳು.

ಕಂಡಕ್ಟರು ಹೆಂಡತಿಯನ್ನು ಕೂಗಿ ಕರೆದರು. ಅವರನ್ನು ನಾನು ಅಕ್ಕ ಅನ್ನುತ್ತೇನೆ. "ಏ, ಇಲ್ಲಿ ಬಾ. ಇಷ್ಟು ವರ್ಷದಾಗ ತಾಯಿನ್ನ ತೋರ್ಸು ಅಂದೋರು ಇವರೊಬ್ರ ನೋಡು."

ಆ ಹೆಂಗಸು ತಾಯಿನಾಯಿಯ ಪಕ್ಕ ಬಹಳ ಹೊತ್ತು ಕುಳಿತಿದ್ದಳು. ಮನೆಯಲ್ಲಿ ಹಗಲೆಲ್ಲ ತಾನೊಬ್ಬಳೇ, ರೊಟ್ಟಿ ಬಡಿಯುವುದೂ ತಾನೇ, ಅದನ್ನು ಹೊಲದ ಬದುವಿನಲ್ಲಿ ಓಡಾಡಿಸುವುದೂ ತಾನೇ ಎಂದಳು. ಕಂಡಕ್ಟರು ಆಕೆ ತಂದಿದ್ದ ಹಣ ತೆಗೆದುಕೊಂಡು ಒಂದು ಕೆಂಪು ಹೆಣ್ಣುಮರಿ ಕೊಟ್ಟರು. ಕೈಮೇಲೆ ಕೈ ಹಾಕಿಸಿಕೊಂಡು ಎರಡು ಮಾತು ತೆಗೆದುಕೊಂಡರು. ತಮಗೆ ಹೇಳದೆ ಮರಿ ಹಾಕಿಸಬಾರದು. ಬೇಡವಾದರೆ ಬೀದಿಗೂ ಬಿಡಬಾರದು, ಬೇರೆಯವರಿಗೂ ಕೊಡಬಾರದು, ತಮ್ಮ ಮನೆಗೇ ತಂದು ಬಿಡಬೇಕು. ಮರಿಗೆ ಕೆಂಪಿ ಎಂದು ಹೆಸರಾಯಿತು.

ಒಂದಷ್ಟು ಕಾಲ ಆಕೆ ತಪ್ಪದೆ ಫೋನು ಮಾಡುತ್ತಿದ್ದಳು. ಕೆಂಪಿ ಹೀಗೆ ಮಾಡಿತು, ಹಾಗೆ ಮಾಡಿತು. ನಂತರ ಫೋನು ನಿಂತಿತು. ಕಂಡಕ್ಟರು ಮಾಡಿದರೆ ಸ್ವಿಚ್ ಆಫ್. ಅಷ್ಟರಲ್ಲಿ ಅವರಿಗೆ ನಿವೃತ್ತಿಯಾಗಿತ್ತು. ಮುಂದೆ ಒಂದು ದಿನ ನನ್ನ ಫೋನಿಗೇ ಒಂದು ವಿಡಿಯೋ ಬಂತು. 'ಕಂಡಕ್ಟರ್ ತಳಿ, ಅಸಲಿ ಮಾಲು' ಎಂದು ಯಾರೋ ಮರಿಗಳನ್ನು ಮಾರಲು ಇಟ್ಟಿದ್ದರು. ಮರಿಗಳ ಹಿಂದೆ, ಗೋಡೆಗೆ ಹಾಕಿದ ಗಿಡ್ಡ ಸರಪಳಿಯಲ್ಲಿ, ಮೊಲೆ ಜೋತುಬಿದ್ದ ಒಂದು ಕೆಂಪು ನಾಯಿ. ಕಂಡಕ್ಟರಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಳ್ಳಲೂ ಇಲ್ಲ. "ಕೆಂಪಿ" ಅಂದರು.

ಮರುದಿನ ನಾವಿಬ್ಬರೂ ಕೊಟ್ಟೂರಿಗೆ ಹೋದೆವು. ಊರ ಹೊರಗೆ ಕಂಟ್ರಾಕ್ಟರನ ಸಿಮೆಂಟು ಗೋದಾಮು. ಕೆಂಪಿ ಅಲ್ಲಿತ್ತು. ಇನ್ನೂ ಎರಡು ಹೆಣ್ಣುನಾಯಿಗಳಿದ್ದವು. ಅವುಗಳಿಗೆ ಒಂದರ ಹಿಂದೊಂದು ಸೂಲು, ಮರಿಗಳು ಹಾಲು ಬಿಡುವ ಮೊದಲೇ ಹೊಸಪೇಟೆಗೋ ದಾವಣಗೆರೆಗೋ ಹೋಗಿಬಿಡುತ್ತಿದ್ದವು. ಕಂಡಕ್ಟರು ಬೈಯಲಿಲ್ಲ. ಅವರು ಬೈಯದೆ ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ನಾಯಿ ವಾಪಸ್ ಕೊಡ್ರಿ. ನೀವು ಕೊಟ್ಟ ರೊಕ್ಕ ತಂದೀನಿ."

ಕಂಟ್ರಾಕ್ಟರ್ ನಕ್ಕ. "ಏನ್ ಕಂಡಕ್ಟರ್ರೇ, ಟಿಕೀಟು ಹರಿದು ಕೊಟ್ಟ ಮ್ಯಾಲ ಪ್ಯಾಸೆಂಜರ್ ಎಲ್ಲಿ ಹೋದ್ರ ನಿಮಗೇನ್ರಿ?"

"ಇಳಿಯೋ ಮಟ ನನ್ನ ಜವಾಬ್ದಾರಿ ಲೇ."

'ಲೇ' ಎಂದದ್ದು ಅವನ ಆಳುಗಳಿಗೆ ನೆಪವಾಯಿತು. ಇಬ್ಬರು ಬಂದು ಅವರ ತೋಳು ಹಿಡಿದು ಗೇಟಿನ ಹೊರಗೆ ಬಿಟ್ಟರು. ನನ್ನನ್ನು ಮುಟ್ಟಲಿಲ್ಲ, ಮೇಷ್ಟ್ರು ಎಂದು. ಸರಪಳಿ ಜಗ್ಗುವ ಸದ್ದು ರಸ್ತೆಯವರೆಗೂ ಕೇಳುತ್ತಿತ್ತು. ಅಥವಾ ಗೋದಾಮಿನಲ್ಲಿ ಬೇರೇನೋ ಸದ್ದಿರಬಹುದು.

ಅವರು ಆಮೇಲೆ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಎಂದು ಕಂಟ್ರಾಕ್ಟರನಿಗೆ ಬೇಕಾದವರ ಮನೆಗಳಿಗೆಲ್ಲ ಅಲೆದರು. ಹಿರಿಯರು, ಪುಢಾರಿಗಳು, ಅವನ ಸಂಬಂಧಿಕರು. ಎಲ್ಲರೂ ಚಹಾ ಕೊಟ್ಟರು, ಎಲ್ಲರೂ ಒಂದೇ ಮಾತು ಹೇಳಿದರು. "ಒಂದು ನಾಯಿ ಸಲುವಾಗಿ ದೊಡ್ಡ ಮನುಷ್ಯಾರನ್ನ ಯಾಕ ಎದುರು ಹಾಕ್ಕೊಂತೀರಿ?" ಈ ಮಾತನ್ನು ಹೇಳಿದವರನ್ನು ನಾನು ಬಲ್ಲೆ. ಅವರಲ್ಲಿ ಹಲವರು ಫ್ಲೆಕ್ಸಿನ ಅಂಚಿನಲ್ಲಿ ಸಣ್ಣ ಸಣ್ಣ ಫೋಟೋಗಳಾಗಿ ಕೈಮುಗಿದಿದ್ದಾರೆ. ಒಂದು ನಾಯಿ ಎನ್ನುವುದರಲ್ಲಿ ಆ 'ಒಂದು' ಎಷ್ಟು ಸಸಾರ! ಕಂಡಕ್ಟರಿಗೆ ನಾಯಿ ಎಂದರೆ ಯಾವತ್ತೂ ಒಂದೇ ನಾಯಿ. ಎದುರಿಗೆ ಇರುವುದು.

ಆ ವರ್ಷ ಅವರು ಇದ್ದ ಮರಿಗಳನ್ನೂ ಕೊಡಲಿಲ್ಲ, ಹೊಸದಾಗಿ ಮರಿ ಹಾಕಿಸಲೂ ಇಲ್ಲ. ಬಂದವರನ್ನು ಪ್ರಶ್ನೆ ಕೇಳುವುದನ್ನೂ ನಿಲ್ಲಿಸಿದರು. ಗೇಟಿನಲ್ಲೇ "ಇಲ್ಲ" ಎಂದು ಕಳಿಸುತ್ತಿದ್ದರು. ಒಂದು ಸಂಜೆ ಕಟ್ಟೆಯ ಮೇಲೆ ಕುಳಿತು, ಯಾರಿಗೂ ಅಲ್ಲದ ಹಾಗೆ, "ಸಾಕು" ಅಂದರು. ಇದು ಮಾತ್ರ ನಾನು ಸ್ವತಃ ಕೇಳಿದ್ದು. ಇದರಲ್ಲಿ ಅನುಮಾನವಿದ್ದಿದ್ದರೆ ಒಳ್ಳೆಯದಿತ್ತು.

ಕೆಂಪಿಯ ಕೊರಗಿನಲ್ಲೇ ಸತ್ತರು ಎಂದು ಊರು ಹೇಳುತ್ತದೆ. ಅವರ ಹೃದಯ ಮೊದಲಿನಿಂದಲೂ ಸರಿಯಿರಲಿಲ್ಲ ಎಂದು ಡಾಕ್ಟರು ಹೇಳುತ್ತಾರೆ. ನಾನು ಡಾಕ್ಟರನ್ನು ನಂಬುತ್ತೇನೆ. ಆದರೆ ಕೊರಗಿನ ಮಾತನ್ನು ಕಂಟ್ರಾಕ್ಟರನ ಎದುರು ಯಾರೂ ಆಡುವುದಿಲ್ಲ ಎನ್ನುವುದನ್ನೂ ಗಮನಿಸಿದ್ದೇನೆ.

ತಿಥಿಯ ಊಟಕ್ಕೆ ಅವನೂ ಬಂದ. ಫೋಟೋಗೆ ಹಾರ ಹಾಕಿ, ಪಂಕ್ತಿಯ ಮೊದಲಲ್ಲೇ ಕುಳಿತ. ಹೋಳಿಗೆ ಬಡಿಸುವಾಗ, ಹಿತ್ತಲ ಕಡೆ ಗದ್ದ ಎತ್ತಿ ತೋರಿಸಿ, "ಯಜಮಾನ್ರ ನೆನಪಿಗೆ ಅಂತ ಒಂದು ಮರಿ ಕೊಟ್ಟುಬಿಡ್ರಿ ಅಕ್ಕಾರ" ಅಂದ. ಅಕ್ಕ ಹೋಳಿಗೆ ಹಿಡಿದು ಮುಂದಿನ ಎಲೆಗೆ ಹೋದರು. ಉಣ್ಣುತ್ತಿದ್ದವರು ತಲೆ ಎತ್ತಲಿಲ್ಲ.

ಆಗ ಬಾಗಿಲಲ್ಲಿ ಒಂದು ಗೂಡ್ಸ್ ಆಟೋ ನಿಂತಿತು. ಅದರಿಂದ ಅವನ ಹೆಂಡತಿ ಇಳಿದಳು. ಆಮೇಲೆ ಕೆಂಪಿಯನ್ನು ಎರಡೂ ಕೈಯಲ್ಲಿ ಎತ್ತಿ ಇಳಿಸಿಕೊಂಡಳು. ಹತ್ತು ಹೆಜ್ಜೆಯ ದಾರಿಗೂ ಅದು ಕುಂಟುತ್ತ, ನಿಂತು, ಮತ್ತೆ ಕುಂಟುತ್ತ ಬಂತು. ಕೊರಳ ಸುತ್ತ ಕೂದಲೇ ಇರಲಿಲ್ಲ. ಆಕೆ ನೇರ ಅಕ್ಕನ ಹತ್ತಿರ ಹೋದಳು.

"ನನ್ನ ಫೋನು ಕಸ್ಕೊಂಡಿದ್ರು. ನಾಯೀನ ಗೋದಾಮಿಗೆ ಒಯ್ದಿದ್ರು. ಇವತ್ತು ಅಲ್ಲಿ ಯಾರೂ ಇರಲಿಲ್ಲ, ತಂದೀನಿ. ನಾ ಮಾತು ಕೊಟ್ಟಿದ್ದೆ."

"ತಡ ಮಾಡಿದಿ, ತಂಗಿ" ಅಂದರು ಅಕ್ಕ. ಅವರ ದನಿಯಲ್ಲಿ ಕ್ಷಮೆ ಇರಲಿಲ್ಲ. ಆದರೂ ಹಗ್ಗದ ತುದಿ ಇಸಿದುಕೊಂಡರು.

ಕಂಟ್ರಾಕ್ಟರ್ ಎಂಜಲು ಕೈಯಲ್ಲೇ ಎದ್ದ. "ಏ, ಯಾರನ್ನ ಕೇಳಿ ತಂದಿ? ನಡಿ ಮನಿಗೆ. ಅಕ್ಕಾರ, ನಾಯಿ ನಂದು. ರೊಕ್ಕ ಕೊಟ್ಟು ಒಯ್ದೀನಿ. ಬಿಡ್ರಿ."

"ನಿಂದಾದ್ರ ಒಯ್ಯಪ್ಪಾ. ಯಾರು ಬ್ಯಾಡಂದ್ರು?" ಅಕ್ಕ ಕೆಂಪಿಯನ್ನು ತಮ್ಮ ಹಿಂದೆ, ಅಡುಗೆಮನೆಯ ಬಾಗಿಲ ಒಳಗೆ ಕೂರಿಸಿ ಸೆರಗು ಅಡ್ಡ ಮಾಡಿದರು. "ಒಂದ ಮಾತು ಹೇಳು. ನಿನ್ನ ನಾಯಿ ಕುಂಟಾಕತ್ತೈತಿ. ಯಾವ ಕಾಲು? ಹೇಳು, ಕರ್ಕೊಂಡು ಹೋಗು."

ಪಂಕ್ತಿಯಲ್ಲಿ ಎಲ್ಲರ ಕೈ ನಿಂತಿತು. ಅವನು ಬಾಗಿಲ ಕಡೆ ಬಗ್ಗಿ ನೋಡಿದ. ಅಕ್ಕ ಅಲುಗಲಿಲ್ಲ.

"ಇದೇನು ಪರೀಕ್ಷೀನೇನ್ರಿ?"

"ಹ್ಞೂಂ. ಪರೀಕ್ಷೀನ. ನನ್ನ ಗಂಡ ಬಾಳ ಮಂದಿಗೆ ಮಾಡ್ಯಾನ. ನೀ ತಪ್ಪಿಸ್ಕೊಂಡಿದ್ದಿ."

ಅವನು ಒಂದು ಕಾಲು ಹೇಳಿದ.

"ಅದಲ್ಲ" ಎಂದದ್ದು ಅಕ್ಕನಲ್ಲ. ಅವನ ಹೆಂಡತಿ. ಸರಿಯಾದ ಕಾಲು ಯಾವುದೆಂದು ಆಕೆ ಗಟ್ಟಿಯಾಗಿ ಹೇಳಿದಳು. ಯಾವ ದಿನದಿಂದ, ಯಾರ ಒದೆತದಿಂದ ಎಂದೂ ಹೇಳಿದಳು. ಯಾರೋ ಒಬ್ಬರು ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಇಷ್ಟು ದಿನ 'ಒಂದು ನಾಯಿ ಸಲುವಾಗಿ' ಎಂದವರೆಲ್ಲ ಅಲ್ಲೇ ಕುಳಿತಿದ್ದರು, ಒಬ್ಬರೂ ಅವನ ಪರವಾಗಿ ಬಾಯಿ ತೆರೆಯಲಿಲ್ಲ. ಹಾಗೆಂದು ಅವರನ್ನು ಹೊಗಳುವ ಮನಸ್ಸು ನನಗಿಲ್ಲ. ಅಕ್ಕನ ಪರವಾಗಿಯೂ ಅವರು ತೆರೆಯಲಿಲ್ಲ.

ಕಂಟ್ರಾಕ್ಟರ್ ಕೈ ತೊಳೆಯದೆ ಹೋದ. "ಬರ್ತೀಯೋ ಇಲ್ಲೋ?" ಎಂದು ಜೀಪಿನಿಂದ ಕೂಗಿದ.

"ಸಂಜಿ ಬಸ್ಸಿಗೆ ಬರ್ತೀನಿ. ನೀವು ನಡೀರಿ" ಅಂದಳು ಆಕೆ, ಕೆಂಪಿಯ ಪಕ್ಕ ನೆಲದ ಮೇಲೆ ಕುಳಿತು.

ನಾಯಿ ಕಂಡಕ್ಟರ ಫೋಟೋ ನೋಡಿ ಕಣ್ಣೀರು ಹಾಕಿತು ಎಂದು ಈಗ ಊರಲ್ಲಿ ಕಥೆ ಹುಟ್ಟಿದೆ. ಸುಳ್ಳು. ನಾನಲ್ಲೇ ಇದ್ದೆ. ಅದು ಫೋಟೋದ ಕಡೆ ನೋಡಲೂ ಇಲ್ಲ, ನೀರು ಕುಡಿದು ಮಲಗಿತು. ಆದರೆ ಇಷ್ಟು ತಿಂಗಳಾದ ಮೇಲೆ, ಆಕೆ ಯಾವ ಕಾಲು ಎಂದಳು ಎಂಬುದು ನನಗೂ ಮರೆತುಹೋಗಿದೆ. ಒಮ್ಮೆ ಎಡಗಾಲು ಅನ್ನಿಸುತ್ತದೆ, ಒಮ್ಮೆ ಬಲ. ಬರೆಯುವ ಮೊದಲು ಖಚಿತ ಮಾಡಿಕೊಳ್ಳೋಣ ಎಂದು ಮೊನ್ನೆ ಬೆಳಿಗ್ಗೆ ಗೋಡೆಯಾಚೆ ಹೋದೆ. ಕೆಂಪಿ ಹಿತ್ತಲಲ್ಲಿ ಒಂದು ಕಾಗೆಯನ್ನು ಅಟ್ಟಿಸಿಕೊಂಡು ಓಡುತ್ತಿತ್ತು. ಬಹಳ ಹೊತ್ತು ನಿಂತು ನೋಡಿದೆ. ಯಾವ ಕಾಲೆಂದು ತಿಳಿಯಲಿಲ್ಲ.